ಅತ್ತೆಗೆ ಇಬ್ಬರೂ ಬೇಡ

ನಮ್ಮ ಸೋದರತ್ತೆ ಮೆಚ್ಚುವಂಥ ಅಭ್ಯರ್ಥಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಚುನಾವಣೆಗೆ ನಿಲ್ಲಬಾರದು. ನಿಂತ ಕ್ಷಣವೇ ಅತ್ತೆಯ ಮೆಚ್ಚುಗೆ ಹೊರಟುಹೋಗುತ್ತದೆ!

ಮಾವ ತೀರಿಕೊಂಡ ಮೇಲೆ ಅತ್ತೆ ಕೆಂಗೇರಿ ಉಪನಗರದ ನಮ್ಮ ಮನೆಗೆ ಬಂದರು. ಅವರ ವೋಟು ಮಾತ್ರ ಗೋವಿಂದರಾಜನಗರ ಬಿಟ್ಟು ಬರಲಿಲ್ಲ. ಇಲ್ಲಿಗೇ ಬದಲಾಯಿಸೋಣ ಎಂದರೆ, "ಅಲ್ಲಿನೋರನ್ನ ಬೈದು ಅಭ್ಯಾಸ ಆಗಿದೆ. ಇಲ್ಲಿ ಮತ್ತೆ ಮೊದಲಿಂದ ಶುರು ಮಾಡ್ಲಾ?" ಎನ್ನುತ್ತಾರೆ.

ಈ ಸಲ ಪ್ರಚಾರದ ಹೊತ್ತಿಗೂ ನಾನೇ ಅಲ್ಲಿಗೆ ಕರೆದುಕೊಂಡು ಹೋಗಬೇಕಾಯಿತು. ಹಳೆಯ ಪಕ್ಕದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲನೆಯ ಅಭ್ಯರ್ಥಿ ಬಂದು ಕಾಲು ಮುಟ್ಟಿದರು.

"ಕೈ ನನ್ನ ಕಾಲ್ಮೇಲೆ, ಕಣ್ಣು ಮೊಬೈಲ್ ಹಿಡಿದೋನ ಮೇಲೆ. ಇವನು ಬೇಡ," ಎಂದರು ಅತ್ತೆ.

ಎರಡನೆಯವರಿಗೆ ನೇರವಾಗಿ ಪ್ರಶ್ನೆ: "ಈ ಬೀದಿಗೆ ನೀರು ಯಾವತ್ತು ಬಿಡ್ತಾರಪ್ಪ?" ಅವರು ಹಿಂದಿದ್ದ ಕಾರ್ಯಕರ್ತನ ಮುಖ ನೋಡಿದರು. ಆ ಕಾರ್ಯಕರ್ತ ಇನ್ನೊಬ್ಬನ ಮುಖ ನೋಡಿದ. ಮುಗಿಯಿತು, ಇವರೂ ಫೇಲು!

"ಪಕ್ಷೇತರ ಒಬ್ಬ ಇದಾನಲ್ಲ ಅತ್ತೆ?"

"ಅವನಿಗೆ ಅವನ ಹೆಂಡ್ತೀನೇ ಹಾಕಲ್ಲ ಕಣೋ, ಸುಮ್ನಿರು."

ಮತದಾನದ ದಿನ ಮಂಡಿ ನೋವು ಜೋರಾಗಿತ್ತು. ಹೆಚ್ಚು ಹೊತ್ತು ನಿಲ್ಲಬಾರದೆಂದು ಡಾಕ್ಟರು ಹೇಳಿದ್ದರು. "ಯಾರೂ ಇಷ್ಟ ಇಲ್ವಲ್ಲ, ಇದೊಂದು ಸಲ ಬಿಟ್ಟುಬಿಡಿ," ಎಂದು ಗೋಗರೆದೆ. ಅತ್ತೆ ಆಗಲೇ ರೇಷ್ಮೆ ಸೀರೆ ಉಟ್ಟು ನಿಂತಿದ್ದರು. "ನೀನು ಬರ್ದಿದ್ರೆ ಬಸ್ಸಲ್ಲಿ ಹೋಗ್ತೀನಿ!"

ಆಟೋದಲ್ಲಿ ಹೋದೆವು. ನಾನು ಅವರ ಕೋಲು, ನೀರಿನ ಬಾಟಲಿ ಹಿಡಿದು ಬಾಗಿಲ ಹೊರಗೆ ನಿಂತೆ. ಅತ್ತೆ ಯಂತ್ರದ ಮರೆಗೆ ಹೋದವರು ಬರುವುದೇ ಇಲ್ಲ! "ಆಂಟಿ ಒಳಗೆ ನಿದ್ದೆ ಮಾಡ್ಬಿಟ್ರಾ ಗುರು?" ಎಂದು ಸಾಲಿನಲ್ಲಿದ್ದ ಹುಡುಗ ನನ್ನನ್ನೇ ಕೇಳಿದ.

"ಅಮ್ಮಾ, ಆಯ್ತಾ?" ಅಧಿಕಾರಿ ಕೂಗಿದರು.

"ತಡಿಯಪ್ಪಾ, ಎಲ್ಲಾರ್ದೂ ಓದ್ತಾ ಇದೀನಿ!"

ಕೊನೆಗೂ ಬೀಪ್ ಅಂದಿತು. ಕುಂಟುತ್ತಾ ಹೊರಬಂದರು, ಮುಖ ಮಾತ್ರ ಗೆದ್ದವರದು. ಯಾರಿಗೆ ಹಾಕಿದಿರಿ ಎಂದೆ.

"ಯಾರೂ ಬೇಡ ಅಂತ ಕೊನೇಲಿ ಇರುತ್ತಲ್ಲ, ಅದಕ್ಕೆ."

ಆಟೋ ಹತ್ತಿದ ಮೇಲೆ ನನ್ನ ಪಿತ್ತ ನೆತ್ತಿಗೇರಿತು. "ಬೇಡ ಅನ್ನೋದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಮನೇಲೇ ಕೂತು ಅಂದಿದ್ರೆ ಆಗ್ತಿರ್ಲಿಲ್ವಾ?"

ಅತ್ತೆ ಮಂಡಿ ಒತ್ತಿಕೊಂಡರು.

"ಮನೇಲಿ ಒಂದ್ಸಲ ಅಂದಿದ್ದೆ ಕಣೋ. ನನಗೆ ಎರಡು ಗಂಡು ಬಂದಿತ್ತು. ನಿಮ್ಮ ತಾತ ಊರೋರನ್ನೆಲ್ಲ ಕೇಳಿದ್ರು, ದೇವ್ರ ಹತ್ರ ಹೂವನ್ನೂ ಕೇಳಿದ್ರು. ಹೂವು ಬಲಗಡೆ ಬಿತ್ತು, ನಿಮ್ಮ ಮಾವ ಅಂತ ಆಯ್ತು. ಇಬ್ಬರೂ ಬೇಡ, ಓದ್ತೀನಿ ಅಂತ ನಾನು ಒಲೆ ಮುಂದೆ ಕೂತು ಅಂದೆ. ಯಾರಿಗೂ ಕೇಳಿಸ್ಲಿಲ್ಲ. ಇಲ್ಲಾದ್ರೆ ನನ್ನ ಬೇಡಾನೂ ಎಣಿಸ್ತಾರೆ."

ಬೆಳಗಿನಿಂದ ಗೊಣಗಿದ್ದಕ್ಕೆಲ್ಲ ನಾಚಿಕೆಯಾಯಿತು. ಏನಾದರೂ ಹೇಳಬೇಕಲ್ಲ ಎಂದು, "ಮಾವ ಒಳ್ಳೆಯವ್ರಾಗಿದ್ರಲ್ವಾ ಅತ್ತೆ?" ಎಂದೆ.

"ತುಂಬಾ ಒಳ್ಳೆಯವ್ರು ಕಣೋ," ಎಂದರು ಅತ್ತೆ. "ಅದಕ್ಕೇ ಅವ್ರಿಗೆ ಕೊನೇವರೆಗೂ ಹೇಳ್ಲಿಲ್ಲ."