ಕೋಟೆ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಹೋದ ಅಕ್ಕ

ನಮ್ಮದು ಮಧುಗಿರಿಯ ಹಳೆಯ ಪಟೇಲರ ಮನೆ. ತಾಲ್ಲೂಕು ಕಚೇರಿಗೆ ಹೊಸ ಅಧಿಕಾರಿ ಬಂದರೆ ಮೊದಲ ಕಾಫಿ ನಮ್ಮ ಜಗಲಿಯಲ್ಲೇ ಆಗುತ್ತಿತ್ತು. ತಾತ ಆಡಿದ ಮಾತನ್ನು ಯಾರೂ ಕಾಗದಕ್ಕೆ ಇಳಿಸಿಕೊಳ್ಳುತ್ತಿರಲಿಲ್ಲ, ಅಷ್ಟು ನಂಬಿಕೆ. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಇಂದಿಗೂ ಕರವಸ್ತ್ರವನ್ನು ಮಡಿಕೆ ಕೆಡದಂತೆ ಇಟ್ಟುಕೊಳ್ಳುತ್ತೇನೆ. ಇಂಥವಳ ಬದುಕಿನಲ್ಲಿ ನಗೆಪಾಟಲಿನ ಪ್ರಸಂಗಗಳು ನಡೆಯಬಾರದು. ಆದರೆ ನಡೆಯುತ್ತಲೇ ಬಂದಿವೆ. ಎಲ್ಲದರ ಮೂಲ ಒಬ್ಬಳೇ: ದೊಡ್ಡಪ್ಪನ ಮಗಳು, ನನ್ನ ಅಕ್ಕ.

೧. ರಾಣಿಯ ಉಪವಾಸ

ಎಪ್ಪತ್ತರ ದಶಕದ ಆರಂಭ. ನಾನು ಬೇಸಿಗೆ ರಜೆಗೆ ಊರಿಗೆ ಬಂದರೆ ಅಕ್ಕ ಚೌಕಾಬಾರದ ಕವಡೆ ತಂದು ಬೇರೆಯೇ ಆಟ ಹೂಡುತ್ತಿದ್ದಳು. ಮಣೆ ಇಲ್ಲ, ಕಾಯಿ ಇಲ್ಲ. ಅವಳು ಕಥೆ ಹೇಳುತ್ತಾಳೆ. ಕಥೆಯೊಳಗೆ ನಮಗೆ ಒಂದೊಂದು ಪಾತ್ರ. ಏನು ಮಾಡುತ್ತೇವೆಂದು ನಾವು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಕವಡೆ ಹೇಳುತ್ತದೆ. ಮುಂದೇನಾಯಿತು ಎನ್ನುವುದನ್ನು ಅಕ್ಕ ಹೇಳುತ್ತಾಳೆ.

ಪಕ್ಕದ ಕುರಿ ಸಾಕುವವರ ಮನೆಯ ಹುಡುಗಿಗೆ ರಾಣಿಯ ಪಾತ್ರ ಸಿಕ್ಕಿತು. ನನಗೆ ಕೋಟೆ ಬಾಗಿಲ ಕಾವಲು.

"ಪಟೇಲರ ಮೊಮ್ಮಗಳು ಕಾವಲು ಕಾಯುವುದಿಲ್ಲ," ಅಂದೆ.

"ಬಾಗ್ಲು ನಂಬಿಕಸ್ತರ ಕೈಲಿರ್ಬೇಕು ಕಣೇ," ಅಂದಳು ಅಕ್ಕ. ನಾನು ತೆಪ್ಪಗೆ ನಿಂತೆ.

ಬೇಟೆಗೆ ಹೋದ ರಾಣಿ ವಾಪಸು ಬಂದಳು. ನಾನು ಮುದ್ರೆಯುಂಗುರ ತೋರಿಸು ಅಂದೆ.

"ನಾನೇ ರಾಣಿ ಕಣಮ್ಮ, ಒಳಿಕ್ಕೆ ಬುಡು."

"ಉಂಗುರ ಎಲ್ಲಿ?"

ಕವಡೆಯೂ ನನ್ನ ಕಡೆಗೇ ಬಿತ್ತು. ರಾಣಿ ಹೊರಗೇ ಉಳಿದಳು. ರಾತ್ರಿ ಬಂಡೆ ಸಂದಿಯಲ್ಲಿ ಮಲಗಿದಳು ಎಂದು ಅಕ್ಕ ಅಂದಿನ ಕಥೆ ನಿಲ್ಲಿಸಿದಳು. ಮಾರನೆಯ ದಿನ ಅವಳ ಅವ್ವ ಬಂದು ಅಜ್ಜಿಯ ಮುಂದೆ ನಿಂತಳು. "ನಮ್ ಮಗೀನ ಬೆಟ್ಟದ ಮ್ಯಾಲೆ ಬಂಡೆ ಸಂದೀಲಿ ಮಲಗಿಸವ್ರಂತೆ. ಕ್ವಾಟೆ ಒಳಿಕ್ಕೆ ಹೋಗೋಗಂಟ ಉಣ್ಣಾಕಿಲ್ಲ ಅಂತ ಕುಂತವ್ಳೆ."

ಅಜ್ಜಿ ನನ್ನನ್ನು ಕರೆದರು. "ಲೇ, ಮೊದ್ಲು ಬಾಗ್ಲು ತೆಗಿ. ಮಗಾ ಉಣ್ಲಿ."

ಆ ಕಥೆ ಬೇಸಿಗೆಯುದ್ದಕ್ಕೂ ನಡೆಯಿತು. ಒಂದು ಮಧ್ಯಾಹ್ನ ಕೋಟೆ ಬಾಗಿಲನ್ನು ಹೊರಗಿನಿಂದ ಯಾರೋ ತಟ್ಟಿದರು. "ಯಾರದು?" ಅಂದೆ. ಅಕ್ಕ ಕವಡೆ ಮಡಿಲಿಗೆ ಹಾಕಿಕೊಂಡು ಎದ್ದಳು. "ಉಂಡು ಬಂದು ಹೇಳ್ತೀನಿ. ನೀನು ಬಾಗ್ಲಲ್ಲೇ ನಿಂತಿರು."

ಉಣ್ಣಲು ಹೋದವಳು ಬರಲಿಲ್ಲ. ದೊಡ್ಡಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಊಟ ಮುಗಿದ ಕೂಡಲೇ ಸಾಮಾನು ಏರಿಸಿಕೊಂಡು ಹೊರಟರು. ಅಲ್ಲಿಂದ ಮುಂದೆ ಯಾರ ಮನೆಯ ಬಾಗಿಲು ಯಾರು ತಟ್ಟಿದರೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

೨. ನಾಲ್ಕು ಬಿದ್ದರೆ ಕಾಡು

ಮುಂದೆ ನಾನು ಕೊರಟಗೆರೆಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆದೆ. ಅಕ್ಕನ ಆಟವನ್ನು ಹುಡುಗಿಯರಿಗೆ ಕಲಿಸೋಣ ಅನ್ನಿಸಿತು. ಅಕ್ಕನಿಗೆ ಶಿಸ್ತಿರಲಿಲ್ಲ, ನಾನು ಸರಿಯಾದ ನಿಯಮ ಮಾಡಿದೆ. ನಾಲ್ಕು ಬಿದ್ದರೆ ಕಾಡಿಗೆ ಹೋಗಬೇಕು, ಎರಡು ಬಿದ್ದರೆ ಮರಳಬೇಕು. ಒಂದು ಲೋಪವೂ ಇರಲಿಲ್ಲ.

ಪಾವಗಡದ ಕಡೆಯ, ತೆಲುಗು ಮನೆಮಾತಿನ ಹುಡುಗಿಗೆ ನಾಲ್ಕು ಬಿತ್ತು. "ಅಡವಿಗೆ ಎಂದುಕು ಹೋಗ್ಬೇಕು ಮೇಡಂ?" ಅಂದಳು.

"ನಾಲ್ಕು ಬಿದ್ದಿದೆ, ಅದಕ್ಕೆ."

"ಸರೇ ಮೇಡಂ. ಹೋದೆ." ಮುಂದಿನ ಸಲ ಅವಳಿಗೆ ಎರಡು ಬಿತ್ತು. "ಬಂದೆ ಮೇಡಂ."

"ಕಾಡಿನಲ್ಲಿ ಏನು ನೋಡಿದೆ?"

ಹುಡುಗಿ ಮಿಕ್ಕವರ ಮುಖ ನೋಡಿದಳು. "ನೀವು ಏನೂ ಇಟ್ಟಿರಲಿಲ್ಲ ಮೇಡಂ."

೩. ತಂಗಿಯ ಹೆರಿಗೆ

ಎಂಬತ್ತರ ದಶಕದ ಕೊನೆಗೆ ಶಿರಾದ ಸೋದರತ್ತೆಯ ಮಗ, ಕಡಲೆಕಾಯಿ ವ್ಯಾಪಾರದವನು, ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಂದಾಗ ನಾನೂ ಅಲ್ಲಿದ್ದೆ. ಪರದೆಯ ಮೇಲೆ ಬೆರಳುದ್ದದ ಮನುಷ್ಯನೊಬ್ಬ ಓಡುತ್ತಾನೆ, ಹಳ್ಳ ಹಾರುತ್ತಾನೆ, ಬಿದ್ದು ಸಾಯುತ್ತಾನೆ, ಎದ್ದು ಮತ್ತೆ ಓಡುತ್ತಾನೆ. ನೋಡಲು ಬಂದ ಅಕ್ಕಪಕ್ಕದ ಹೆಂಗಸರು ಆಕಳಿಸತೊಡಗಿದರು.

"ಯಾರಪ್ಪ ಇವ್ನು?" ಅಂದರು ಅತ್ತೆ.

"ಯಾರೂ ಅಲ್ಲಮ್ಮ. ಆಟ."

"ಯಾವೂರಿಗೆ ಹೊಂಟವ್ನೆ?"

"ಊರಿಲ್ಲಮ್ಮ. ಹಾರಿದ್ರೆ ಪಾಯಿಂಟ್ ಬರುತ್ತೆ."

"ಇಷ್ಟು ಸಲ ಸತ್ತು ಎದ್ದು ಹೋಗ್ತಾವ್ನೆ ಅಂದ್ರೆ ಏನೋ ಇರ್ಬೇಕು ಬುಡು. ತಂಗಿಗೆ ದಿನ ತುಂಬೈತೆ. ತವರಿಗೆ ಕರ್ಕಂಬರಾಕೆ ಹೊಂಟವ್ನೆ."

ಅಷ್ಟೇ. ಹೆಂಗಸರೆಲ್ಲ ಮುಂದೆ ಸರಿದು ಕೂತರು. ಹಳ್ಳ ಬಂದರೆ "ಉಷಾರು ಕಣಪ್ಪ" ಅಂದರು. ಅವನು ಬಿದ್ದರೆ ಅತ್ತೆಯ ಮಗನಿಗೆ ಬೈದರು. ನನ್ನ ಕರವಸ್ತ್ರದ ಮಡಿಕೆಯೂ ಬಿಚ್ಚಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಬೆಳಿಗ್ಗೆ ಪಕ್ಕದ ಮನೆಯ ಸಾಹೇಬರ ಹೆಂಡತಿ ಕಾಂಪೌಂಡಿನ ಮೇಲಿಂದ ಕೇಳಿದರು: "ಅಮ್ಮಾಜಿ, ತಂಗಿಗೆ ಹೆಣ್ಣಾ, ಗಂಡಾ?"

ಅಂದು ನನಗೆ ಖಚಿತವಾಯಿತು. ಪಾತ್ರ ಕಟ್ಟಿಕೊಂಡು ಆಡುವ ಆಟ ಕವಡೆಯದಾಗಲಿ ಟಿವಿಯದಾಗಲಿ, ಅದರ ಜೀವ ಇರುವುದು ಕಥೆಯಲ್ಲಿ. ನಿಯಮ ನನ್ನಂಥವರು ಎಷ್ಟು ಬೇಕಾದರೂ ಮಾಡಬಲ್ಲರು. ಹೋಗುವವನು ಯಾಕೆ ಹೋಗುತ್ತಾನೆ, ಬಾಗಿಲು ತಟ್ಟಿದವರು ಯಾರು ಎಂದು ಹೇಳಲು ಅಕ್ಕನಂಥವಳೇ ಬೇಕು.

೪. ಬಡವನಹಳ್ಳಿ ಬಂತು

ಸ್ವಲ್ಪ ದಿನಕ್ಕೆ ಅದೇ ಅಕ್ಕ, ಹುಬ್ಬಳ್ಳಿಗೆ ಹೋದ ಮೇಲೆ ಮೊದಲ ಸಲ, ಕೊರಟಗೆರೆ ಬಸ್ ನಿಲ್ದಾಣದಲ್ಲಿ ಎದುರಾದಳು. ತಲೆ ಅಲ್ಲಲ್ಲಿ ನರೆತಿತ್ತು. ಶಿರಾಕ್ಕೆ, ಅತ್ತೆಯನ್ನು ನೋಡಲು ಹೊರಟಿದ್ದಳು. ನಾನು ಕ್ಷೇಮ ಸಮಾಚಾರ ಕೇಳಲಿಲ್ಲ.

"ಬಾಗಿಲು ತಟ್ಟಿದ್ದು ಯಾರು?" ಅಂದೆ.

ಅವಳಿಗೆ ನೆನಪಾಗಲು ಹೊತ್ತು ಹಿಡಿಯಿತು. ಆಮೇಲೆ ನಕ್ಕಳು. "ಅಯ್ಯೋ, ಇನ್ನೂ ಅಲ್ಲೇ ನಿಂತಿದ್ದೀಯೇನೇ? ಒಳಗೋಗಿ ಮಲಗ್ಬಾರ್ದಾಗಿತ್ತಾ?"

"ನಿಂತಿರು ಅಂದವಳು ನೀನು."

ಅವಳು ನಗುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. "ಕೇಳು. ತಟ್ಟಿದ್ದು..." ಅನ್ನುವಷ್ಟರಲ್ಲಿ ಶಿರಾ ಬಸ್ಸು ಬಂತು, ಕಂಡಕ್ಟರ್ ಸೀಟಿ ಊದಿದ, ನೂಕುನುಗ್ಗಲು ಅವಳನ್ನು ಒಳಗೆ ಎಳೆದುಕೊಂಡಿತು. ಕಿಟಕಿಯಿಂದ ಏನೋ ಕೂಗಿದಳು. ಹಾರನ್ನಿನಲ್ಲಿ ಮುಳುಗಿಹೋಯಿತು.

ಮುಂದಿನ ವಾರ ಬಡವನಹಳ್ಳಿಯಿಂದ ಹುಡುಗಿಯೊಬ್ಬಳ ತಾಯಿ ಹಾಸ್ಟೆಲಿಗೆ ಬಂದರು. "ಹ್ವಾದ ವಾರ ಇಲ್ಲಿಂದ ಹೋಗೋವಾಗ ಬಸ್ನಾಗೆ ಒಬ್ರಮ್ಮ ಕತೆ ಯೋಳಿದ್ರು ಮೇಡಮ್ಮೋರೆ. ಕ್ವಾಟೆ ಬಾಗ್ಲಾಗೆ ಒಬ್ಳು ಕಾವಲು ನಿಂತವ್ಳಂತೆ. ಭಾರಿ ಬಿಗುಮಾನದೋಳು. ರಾಣೀನೇ ಒಳಿಕ್ಕೆ ಬುಡ್ಲಿಲ್ವಂತೆ. ಬಸ್ಸೆಲ್ಲ ನಕ್ಕಿದ್ದೇ ನಕ್ಕಿದ್ದು."

ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. "ಬಾಗಿಲು ತಟ್ಟಿದ್ದು ಯಾರು?"

"ಅದ್ನೇ ಯೋಳಾಕ್ ಬಂದ್ರು. ಅಷ್ಟೊತ್ಗೆ ಬಡವನಳ್ಳಿ ಬಂದ್ಬುಡ್ತು. ನಾನು ಇಳ್ಕಂಡ್ಬುಟ್ಟೆ ಕಣಮ್ಮ."

ಶಿರಾವರೆಗೆ ಕೂತವರಿಗೆಲ್ಲ ಅದು ಗೊತ್ತು. ಕಂಡಕ್ಟರಿಗೂ ಗೊತ್ತಿರಬೇಕು. ಬಾಗಿಲು ಕಾದ ನನಗೆ ಗೊತ್ತಿಲ್ಲ.

ಅಕ್ಕ ಕ್ಷಮೆ ಕೇಳಬೇಕು. ಕಾಗದದಲ್ಲಿ ಬೇಡ. ಕವಡೆ ತೆಗೆದುಕೊಂಡು ಬಂದು ಕೇಳಬೇಕು.