ಒಂದು ಸ್ಟಾಪಿನ ಪ್ರಯಾಣಿಕ

ಬಂಡೂರಿನಿಂದ ಮದ್ದೂರಿಗೆ ಬಸ್ಸಿನಲ್ಲಿ ಬರಲು ಎಷ್ಟು ಹೊತ್ತು ಬೇಕು? ನಿಮಗಾದರೆ ಎರಡು ಗಂಟೆ ಸಾಕು. ನನ್ನ ಸೋದರಮಾವನಿಗೆ ಹದಿನಾಲ್ಕು ತಿಂಗಳು ಹಿಡಿಯಿತು! ಬಸ್ಸು ಕೆಟ್ಟಿರಲಿಲ್ಲ, ರಸ್ತೆ ಮುಚ್ಚಿರಲಿಲ್ಲ. ಆಮೆಯಾಗಿದ್ದರೆ ಅಷ್ಟರಲ್ಲಿ ಹೋಗಿ, ನೆಂಟರ ಮನೆಯಲ್ಲಿ ಉಂಡು, ವಾಪಸೂ ಬಂದಿರುತ್ತಿತ್ತು.

ಮಾವ ಬಂಡೂರಿನಲ್ಲಿ ಹೊಲ ಉತ್ತು ಕುರಿ ಸಾಕುವವನು. ಕುರಿದೊಡ್ಡಿಯ ಪಕ್ಕದಲ್ಲೇ ಕೂತು ಗುಳುಂ ಗುಳುಂ ಮುದ್ದೆ ನುಂಗುವ ಆಸಾಮಿಗೆ ಡೀಸೆಲ್ ವಾಸನೆ ಮಾತ್ರ ಆಗದು. ಬಸ್ಸು ಒಂದು ತಿರುವು ದಾಟಿದರೆ ಸಾಕು, ಉಂಡದ್ದೆಲ್ಲ ಕಿಟಕಿಯಾಚೆ. ಹಾಗಾಗಿ ಅವನ ಲೋಕ ಪಕ್ಕದೂರು ಕಿರುಗಾವಲಿನ ಅಂಗಡಿ ಸಾಲಿಗೇ ಮುಗಿದುಹೋಗುತ್ತಿತ್ತು.

ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಎಪ್ಪತ್ತೆರಡನೇ ಇಸವಿಯಲ್ಲಿ ನನ್ನಕ್ಕನ ಮದುವೆ ಬರುವವರೆಗೆ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಅಮ್ಮನಿಗಿದ್ದವನು ಇವನೊಬ್ಬನೇ ತಮ್ಮ. ಆ ದಿನ ಧೈರ್ಯ ಮಾಡಿ ಬಸ್ಸು ಹತ್ತಿದವನು ಮಳವಳ್ಳಿ ಬರುವ ಮೊದಲೇ ತಲೆ ತಿರುಗಿ, ಇಳಿದು ರಸ್ತೆ ಬದಿಯಲ್ಲಿ ಮಲಗಿಬಿಟ್ಟ. ನಡೆದುಕೊಂಡು ಮದ್ದೂರಿನ ನಮ್ಮ ಮನೆ ಮುಟ್ಟುವ ಹೊತ್ತಿಗೆ ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು. ಅಕ್ಕನ ಕೈಹಿಡಿದು ಕರೆತಂದವನು ಯಾರೋ ದೂರದ ನೆಂಟ. ಅಮ್ಮ ತಮ್ಮನಿಗೆ ಬಡಿಸಿದಳು, ಮಾತಾಡಿಸಲಿಲ್ಲ. ಮಾವ ತಲೆ ಬಗ್ಗಿಸಿ ಉಂಡು, ಏಳುವಾಗ ನನ್ನ ಕಡೆ ನೋಡಿ, "ನಿನ್ನ ಮದ್ವೇಲಿ ಇಂಗಾಗಾಕೆ ಬುಡಾಕಿಲ್ಲ ಕಣವ್ವ" ಅಂದ. ನನಗಿನ್ನೂ ಗಂಡೇ ಗೊತ್ತಾಗಿರಲಿಲ್ಲ!

"ಅದಕ್ಯಾಕೆ ಅಷ್ಟು ಯೋಚನೆ? ಗಾಡಿ ಕಟ್ಟಿಕೊಂಡು ಬಾ" ಎಂದರು ಮೇಷ್ಟ್ರಾದ ನಮ್ಮಪ್ಪ.

"ಸೋತಿದ್ದು ಬಸ್ನಲ್ಲಿ ಭಾವ. ಗೆಲ್ಲಾದೂ ಬಸ್ನಲ್ಲೇ."

ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಮಾವನಿಗೆ ಬಿಡುವು. ಮುಂದಿನ ಸೋಮವಾರವೇ ಕಿರುಗಾವಲಿಗೆ ಬಂದು, ನಿಂತಿದ್ದ ಮದ್ದೂರು ಬಸ್ಸು ಹತ್ತಿ ಕೂತ. ಕಂಡಕ್ಟರು ಬಂದು ಟಿಕೇಟು ಕೇಳಿದರು.

"ಕೂತ್ಕಳಾಕೂ ಟಿಕೇಟಾ? ಬಸ್ಸು ಒಂಟ್ರೆ ಇಳ್ಕತೀನಿ ಬುಡಿ."

ಇಳಿದೂಬಿಟ್ಟ! ಎರಡು ಸೋಮವಾರ ಹೀಗೆ ನಿಂತ ಬಸ್ಸಿನಲ್ಲೇ ಪ್ರಯಾಣ. ಮೂರನೆಯ ಸೋಮವಾರ ಮೂಗಿಗೊಂದು ನಿಂಬೆಹಣ್ಣು ಹಿಡಿದುಕೊಂಡು, ಹುಣಸೆತೋಪಿನ ತನಕ, ಒಂದೇ ಒಂದು ಸ್ಟಾಪು. ಅವನ ಕಾನೂನು ಸರಳ. ಹೊಟ್ಟೆ ಸುಮ್ಮನಿದ್ದರೆ ಮುಂದಿನ ವಾರ ಒಂದು ಸ್ಟಾಪು ಮುಂದೆ. ವಾಂತಿಯಾದರೆ ಒಂದು ಸ್ಟಾಪು ಹಿಂದೆ. ನಮ್ಮ ಬೀದಿಯವರೇ ಆದ ಆ ಕಂಡಕ್ಟರು ವಾರವಾರ ಬಂದು ವರದಿ ಒಪ್ಪಿಸುತ್ತಿದ್ದರು. ಅಪ್ಪ ಪಾಸು ಫೇಲು ಕೇಳಿಕೊಂಡು, "ಇಂಥ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದಿದ್ದರೆ!" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಊರವರು ಬಿಟ್ಟಾರೆಯೇ? "ಏನ್ಲಾ, ಬಸ್ಸಲ್ಲೋಗಿ ನಡ್ಕಂಡ್ ಬತ್ತೀಯಲ್ಲ, ತಲೆಗಿಲೆ ಕೆಟ್ಟಿದ್ದಾ?"

"ನಡೆಯಾದು ನಂಗೆ ಬತ್ತದೆ ಕಣ್ಲಾ. ಬರ್ದೇ ಇರಾದ್ನ ತಾನೇ ಕಲೀಬೇಕು?"



ಮಳೆಗಾಲ ಕಳೆಯುವಷ್ಟರಲ್ಲಿ ಮಳವಳ್ಳಿ ದಾಟಿದ. ಆಮೇಲೊಂದು ಸೋಮವಾರ ಅನಾಹುತವಾಯಿತು. ನಾಲೆ ಸೇತುವೆಯ ಹತ್ತಿರ ಇಳಿಯಬೇಕಾದವನು ಸೊಗಸಾಗಿ ನಿದ್ದೆಹೋದ. ಪುಣ್ಯಾತ್ಮ ಕಂಡಕ್ಟರು ಎಬ್ಬಿಸಲಿಲ್ಲ. ಎಚ್ಚರವಾದಾಗ ಬಸ್ಸು ಮೂರು ಸ್ಟಾಪು ಮುಂದೆ, ಆಲೆಮನೆಯ ಎದುರು ನಿಂತಿತ್ತು. "ಯಜಮಾನ್ರೇ, ಒಂದೇ ಏಟಿಗೆ ಮೂರು ಸ್ಟಾಪು ಗೆದ್ರಲ್ಲ!" ಎಂದು ಕಂಡಕ್ಟರು ಹಿಗ್ಗಿದರೆ ಮಾವ ಉರಿದುಬಿದ್ದ.

"ನಿದ್ದೇಲಿ ಬಂದಿದ್ದು ಲೆಕ್ಕಕ್ಕಿಲ್ಲ ಕಣ್ರೀ! ಮದ್ವೆ ದಿನ ನಿದ್ದೆ ಬರದೇ ಓದ್ರೆ ಏನ್ ಮಾಡ್ಲಿ?"

ಆ ಮೂರೂ ಸ್ಟಾಪು ಹಿಂದಕ್ಕೆ ನಡೆದ. ಮರುವಾರ ಕಣ್ಣು ಬಿಟ್ಟುಕೊಂಡು ಸೇತುವೆಯ ತನಕ ಬಂದು, ಅಲ್ಲಿಂದಲೇ ಮತ್ತೆ ಶುರುಮಾಡಿದ.

ಅಷ್ಟರಲ್ಲಿ ನನಗೆ ಗಂಡು ಗೊತ್ತಾಗಿ ಲಗ್ನವೂ ಕಟ್ಟಿಸಿಯಾಯಿತು. ನಾಲ್ಕು ದಿನ ಇದೆ ಎನ್ನುವಾಗ ಮಾವನಿಗೆ ಇನ್ನೂ ಮೂರು ಸ್ಟಾಪು ಬಾಕಿ! ಅಮ್ಮನಿಗೆ ಅನ್ನ ಸೇರಲಿಲ್ಲ. ನನಗೂ ಅಷ್ಟೇ. ಅಕ್ಕನ ಕೈಹಿಡಿದ ಆ ದೂರದ ನೆಂಟನ ಮುಖ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿತ್ತು. ಆಗ ಕಂಡಕ್ಟರ ಬಾಯಲ್ಲಿ ಮಾವ ಹೇಳಿಕಳಿಸಿದ ಮಾತು ಬಂತು: "ಅಕ್ಕಂಗೆ ಎದ್ರುಕೊಬ್ಯಾಡ ಅಂತ ಏಳಿ. ಗೆದ್ದಿರೋ ಗಂಟ ಬಸ್ಸು. ಮಿಕ್ಕಿದ್ದು ನಡೆಯಾದು. ನಡೆಯಾದು ನಂಗೆ ಬತ್ತದಲ್ಲ!"

ಮುಹೂರ್ತಕ್ಕೆ ಇನ್ನೂ ಒಂದು ಗಂಟೆ ಇರುವಾಗಲೇ ಮಾವ ಚಪ್ಪರದಡಿ ನಿಂತಿದ್ದ. ಮೊಣಕಾಲಿನವರೆಗೆ ಧೂಳು, ತಲೆಗೆ ಹೊಸ ರುಮಾಲು. ಅಮ್ಮ ತಮ್ಮನ ಕಾಲಿಗೆ ತಾನೇ ನೀರು ಹೊಯ್ದಳು. "ಏಳವ್ವ" ಎಂದು ನನ್ನ ಕೈಹಿಡಿದನಲ್ಲ, ಆ ಕೈಯೆಲ್ಲ ನಿಂಬೆಹಣ್ಣಿನ ವಾಸನೆ.

ಹೊರಡುವಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ನನ್ನವರ ಊರು ಹಾಸನ. "ಅಷ್ಟು ದೂರ! ಇನ್ನು ನೀನು ನಮ್ಮ ಮನೆಗೆ ಬಂದ ಹಾಗೇ ಬಿಡು ಮಾವ" ಎಂದೆ. ಮಾವ ಹೊಸ ಅಳಿಯನ ಕಡೆ ತಿರುಗಿ, "ಮದ್ದೂರಿಂದ ನಿಮ್ಮೂರ್ಗೆ ಎಷ್ಟು ಸ್ಟಾಪು ಸ್ವಾಮಿ?" ಎಂದು ಕೇಳಿದ. ನನ್ನವರು ತಮಾಷೆಯೆಂದು ನಕ್ಕರು.

ನನ್ನ ಮಗ ಹೊಸಿಲು ದಾಟುವುದನ್ನು ಕಲಿತ ವರ್ಷ, ಒಂದು ಸೋಮವಾರ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆಗೆದೆ. ಕಂಕುಳಲ್ಲಿ ಒಂದು ಕರೀ ಕಂಬಳಿ, ಕೈಯಲ್ಲಿ ಹಿಂಡಿ ಹಿಪ್ಪೆಯಾದ ನಿಂಬೆಹಣ್ಣು, ಕಣ್ಣೆರಡೂ ಕೆಂಪು. ಬಾಗಿಲ ಚೌಕಟ್ಟು ಹಿಡಿದು ಅತ್ತುಬಿಟ್ಟೆ.

"ಬಂದೆ ಕಣವ್ವ" ಅಂದ ಮಾವ. "ಒಂದ್ ಸ್ಟಾಪೂ ನಿದ್ದೆ ಮಾಡ್ನಿಲ್ಲ."