ಫೋನಮ್ಮನ ಶುಭಸಂದೇಶ

ನನ್ನ ಹೆಸರು ಸ್ಟೆಲ್ಲಾ. ತುಮಕೂರಿನ ನಮ್ಮ ಬೀದಿಯಲ್ಲಿ ಈ ಹೆಸರು ಗೊತ್ತಿದ್ದವರು ಇಬ್ಬರೇ. ಒಬ್ಬರು ನಮ್ಮ ಮನೆಯವರು, ಇನ್ನೊಬ್ಬರು ಪೋಸ್ಟ್‌ಮ್ಯಾನ್. ಉಳಿದವರಿಗೆಲ್ಲ ನಾನು ಫೋನಮ್ಮ. ಆ ಕಾಲದಲ್ಲಿ ಇಡೀ ಬೀದಿಗೆ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಎಲ್ಲರೂ ನೆಂಟರಿಷ್ಟರಿಗೆ ನಮ್ಮ ನಂಬರನ್ನೇ ಕೊಟ್ಟು, ಪಕ್ಕದಲ್ಲಿ ಪಿ.ಪಿ., ಅಂದರೆ ಬೇರೆಯವರ ಮನೆಯ ಫೋನು, ಎಂದು ಬರೆಯುತ್ತಿದ್ದರು. ಫೋನ್ ಬಂದಾಗ ನಾನು ಅವರ ಮನೆಗೆ ಹೋಗಿ ವಿಷಯ ಮುಟ್ಟಿಸಬೇಕು.

ಈಗ ಅವರವರ ಕೆಟ್ಟ ಸುದ್ದಿ ಅವರವರ ಜೇಬಿಗೇ ಬರುತ್ತದೆ. ಆಗ ಎಲ್ಲರದ್ದೂ ನನ್ನ ಕಿವಿಯ ಮೂಲಕವೇ ಹಾದುಹೋಗಬೇಕಿತ್ತು. ಒಳ್ಳೆಯ ಸುದ್ದಿಯನ್ನು ಜನ ನಿಧಾನವಾಗಿ ಕಾಗದ ಬರೆದು ತಿಳಿಸುತ್ತಾರೆ. ಕೆಟ್ಟದ್ದಕ್ಕೆ ಮಾತ್ರ ಫೋನ್! ಕುಣಿಗಲ್‌ನಲ್ಲಿ ಅಜ್ಜ ಹೋದರು, ಬೆಳ್ಳಾವಿಯಲ್ಲಿ ಸೀಮೆಹಸು ಹೋಯಿತು, ಕೊತ್ತಗೆರೆಯಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಹೋದರು. ನಮ್ಮ ಗೇಟು ಕಿರ್ ಎಂದರೆ ಸಾಕು, ಎದುರುಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಒಮ್ಮೆ ಕರಿಬೇವು ಕೇಳಲು ಹೋಗಿದ್ದೆ. "ಯಾರು ಹೋದ್ರು ಫೋನಮ್ಮೋರೆ?" ಎಂದು ಆಕೆ ಅಳು ತೆಗೆದರು. ನಾನು ಬಂದದ್ದು ಕರಿಬೇವಿಗೆ ಎಂದು ಗೊತ್ತಾಗುವಷ್ಟರಲ್ಲಿ ಪಕ್ಕದ ಮನೆಯವರೂ ಅತ್ತು ಮುಗಿಸಿದ್ದರು!

ಮನೆಯೊಳಗೂ ಸುಖವಿರಲಿಲ್ಲ. ನಮ್ಮ ಮನೆಯವರು ರಿಟೈರ್ಡ್ ಡ್ರಿಲ್ ಮಾಸ್ಟರ್. ಊರಿನ ಅರ್ಧ ಗಂಡಸರನ್ನು ಚಿಕ್ಕಂದಿನಲ್ಲಿ ಮೈದಾನದ ಸುತ್ತ ಓಡಿಸಿದವರು. ರಿಟೈರ್ ಆದ ದಿನ ಬೆತ್ತದ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅಲ್ಲಿಂದಲೇ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಕೊಲೆ, ಬಾಂಬು, ಬರ, ಬಸ್ ಪಲ್ಟಿ. ಕೊನೆಗೆ ಪೇಪರ್ ಮಡಚಿ, "ಪ್ರಪಂಚ ಮುಗೀತು ಸ್ಟೆಲ್ಲಾ. ಕಾಫಿ ಕೊಡು" ಎನ್ನುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ನಮ್ಮ ಫಾದರ್ ಪ್ರಸಂಗ ಮಾಡಿದರು. "ಲೋಕ ಕೆಟ್ಟುಹೋಯಿತು ಎಂದು ನಿಟ್ಟುಸಿರು ಬಿಡುವುದಕ್ಕೆ ವಿಶ್ವಾಸ ಯಾಕೆ ಬೇಕು? ಅದನ್ನು ಯಾರು ಬೇಕಾದರೂ ಮಾಡಬಹುದು. ಮೊಣಕಾಲು ಊರಿದ್ದು ಸಾಕು, ಪಾದವನ್ನೂ ಸ್ವಲ್ಪ ಬಳಸಿ. ವಾರಕ್ಕೆ ಒಂದು ಮನೆಗಾದರೂ ಶುಭಸಂದೇಶ ಮುಟ್ಟಿಸಿ." ಚರ್ಚಿನಲ್ಲಿ ನಾವು ಗಾಸ್ಪೆಲ್ ಅನ್ನು ಶುಭಸಂದೇಶ ಎನ್ನುತ್ತೇವೆ. ಆದರೆ ಫಾದರ್ ಅದನ್ನು ನೇರವಾಗಿ ನನ್ನ ಮುಖ ನೋಡಿಯೇ ಹೇಳಿದಂತೆ ಅನ್ನಿಸಿತು. ಚಿಕ್ಕಂದಿನಲ್ಲಿ ನನಗೆ ಪಾಠ ಹೇಳಿದ ಕಾನ್ವೆಂಟಿನ ಸಿಸ್ಟರ್ ಕೂಡ ನೆನಪಿನಿಂದ ಎದ್ದು ಬಂದು, "ಚಿಯರ್‌ಫುಲ್, ಗರ್ಲ್ಸ್, ಚಿಯರ್‌ಫುಲ್!" ಎಂದು ಕಿವಿಯಲ್ಲಿ ಕೂಗಿದ ಹಾಗಾಯಿತು. ಇನ್ನು ಮುಂದೆ ಈ ಬೀದಿಗೆ ನನ್ನ ಬಾಯಿಂದ ಬರೀ ಶುಭವೇ ಬರತಕ್ಕದ್ದು ಎಂದು ಅಲ್ಲೇ ತೀರ್ಮಾನಿಸಿದೆ.

ಮಾರನೇ ದಿನ ಫೋನ್ ಬಂತು. ಗುಬ್ಬಿಯಿಂದ.

ನಮ್ಮ ಪಕ್ಕದ ಮನೆಯ ಗಂಗಮ್ಮನಿಗೆ ಒಬ್ಬಳೇ ಮಗಳು, ಅನುಸೂಯ. ಹಣೆ ತುಂಬ ವಿಭೂತಿ ಇಟ್ಟುಕೊಂಡು ತಾಯಿ ಬೇಡದ ದೇವರಿಲ್ಲ, ಆದರೂ ಹುಡುಗಿಗೆ ಕಂಕಣ ಕೂಡಿ ಬಂದಿರಲಿಲ್ಲ. ಹಿಂದಿನ ವಾರ ಗುಬ್ಬಿಯ ತೆಂಗಿನಕಾಯಿ ಮಂಡಿಯವರು ಬಂದು ನೋಡಿ, ಫೋನ್ ಮಾಡುತ್ತೇವೆಂದು ಹೇಳಿ ಹೋಗಿದ್ದರು. ಲೈನಿನಲ್ಲಿ ಗಂಡಿನ ಅಣ್ಣ. ಅದರ ಜೊತೆಗೆ ಒಗ್ಗರಣೆ ಹಾಕಿದಂಥ ಚಟಪಟ ಸದ್ದು. ಆ ಸದ್ದಿನ ನಡುವೆ ನನಗೆ ಕೇಳಿಸಿದ್ದು ಇಷ್ಟೇ: "ಆಶಾ... ಕರ್ರ್... ಆಗಲ್ಲ ಅಂತ ಹೇಳ್ಬುಡಿ." ಲೈನ್ ಕಟ್ಟಾಯಿತು.

"ಏನಂತೆ?" ಎಂದು ಕುರ್ಚಿ ಕೇಳಿತು.

"ಆಶಾ ಅನ್ನೋ ಬೇರೆ ಹುಡುಗಿನ ಒಪ್ಪಿದಾರಂತೆ ಕಣ್ರೀ. ನಮ್ಮ ಅನುಸೂಯ ಆಗಲ್ಲವಂತೆ."

"ಪ್ರಪಂಚ ಮುಗೀತು. ಹೋಗಿ ಹೇಳು."

ಮೊದಲಾಗಿದ್ದರೆ ಹೋಗಿ ನೇರವಾಗಿ ಹೇಳಿ, ಗಂಗಮ್ಮನ ಜೊತೆ ಒಂದಿಷ್ಟು ಅತ್ತು ಬರುತ್ತಿದ್ದೆ. ಈಗ ನಾನು ಹೊಸ ಸ್ಟೆಲ್ಲಾ! ಮೊದಲು ಧೈರ್ಯದ ಮಾತು, ಆಮೇಲೆ ಮೆತ್ತಗೆ ವಿಷಯ. ದಾರಿಯುದ್ದಕ್ಕೂ ರಿಹರ್ಸಲ್ ಮಾಡಿದೆ. ದಾರಿ ಅಂದರೆ ಎರಡು ಗೇಟಿನ ನಡುವಿನದು. ಗಂಗಮ್ಮ ನನ್ನನ್ನು ಕಂಡವರೇ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಗಂಗಮ್ಮ, ಹೆದರಬೇಡಿ. ನಾನು ಶುಭಸಂದೇಶ ತಂದಿದೀನಿ. ದೇವರು ಅನುಸೂಯನ್ನ ಕೈಬಿಟ್ಟಿಲ್ಲ—"

"ಅಯ್ಯೋ ನನ್ನಪ್ಪ ಶಿವನೇ! ಒಪ್ಕೊಂಡ್ರಾ? ಲೇ ಅನೂ, ಒಪ್ಕೊಂಡ್ರಂತೆ ಕಣೇ! ಫೋನಮ್ಮೋರೆ, ನಿಮ್ಮ ಬಾಯಿಗೆ ಸಕ್ಕರೆ ಹಾಕ!"

ಹಾಗೆಂದು ನಿಜವಾಗಿಯೂ ಹಾಕಿದರು. ಒಂದು ಹಿಡಿ! ನಾನು ಹೇಳಬೇಕಾಗಿದ್ದ ಮುಂದಿನ ವಾಕ್ಯ ಆ ಸಕ್ಕರೆಯಲ್ಲಿ ಸಮಾಧಿಯಾಯಿತು. "ಉಹುಂ, ಉಹುಂ" ಎಂದು ತಲೆ ಅಲ್ಲಾಡಿಸಿದೆ. "ನೋಡ್ರೇ, ಖುಷಿಗೆ ಮಾತೇ ಹೊರಡ್ತಿಲ್ಲ!" ಎಂದು, ಕೂಗು ಕೇಳಿ ಓಡಿಬಂದಿದ್ದ ಎದುರುಮನೆಯಾಕೆ ಕಣ್ಣೊರೆಸಿಕೊಂಡರು. ನುಂಗಿ ಬಾಯಿ ತೆರೆಯುವಷ್ಟರಲ್ಲಿ ಅನುಸೂಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನಗುತ್ತಿದ್ದಳು. ಪಕ್ಕದ ಮನೆಯಲ್ಲಿ ಅಷ್ಟು ವರ್ಷ ಇದ್ದೂ, ಅವಳಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಗುಳಿಯನ್ನು ನೋಡಿದ ಮೇಲೆ ನನ್ನ ನಾಲಿಗೆ ಏಳಲೇ ಇಲ್ಲ.

ಗಂಗಮ್ಮ ನನ್ನ ಹಿಂದೆಯೇ ನಮ್ಮ ಮನೆಗೆ ಬಂದು, ನಮ್ಮದೇ ಫೋನಿನಲ್ಲಿ, ಕುಣಿಗಲ್‌ನ ತಮ್ಮಂದಿರಿಗೆ ಮದುವೆಯ ಸುದ್ದಿ ಕೂಗಿ ಹೇಳಿದರು. ಕುಣಿಗಲ್‌ಗೆ ಫೋನಿಲ್ಲದೆಯೂ ಕೇಳಿಸುವಷ್ಟು ಗಟ್ಟಿಯಾಗಿ! ಅವರು ಹೋದ ಮೇಲೆ ಕುರ್ಚಿ ಕೇಳಿತು:

"ಹೇಳಿದ್ಯಾ?"

"ಹೇಳೋಕೆ ಹೋದೆ."

"ಏನಂದ್ರು?"

"ಸಕ್ಕರೆ ಕೊಟ್ರು."

ಮೊಣಕಾಲೂರಿ ಜಪಸರ ಹಿಡಿದೆ. ಮಣಿ ಜಾರಿದಂತೆಲ್ಲ ಒಂದೇ ಮಾತು ಹೊಳೆಯಿತು: ಪಾದ ಬಳಸು! ಸರಿ, ಆ ಆಶಾ ಎಂಬವಳ ಕಡೆಯಿಂದ ಗಂಡಿನವರ ಮನಸ್ಸನ್ನೇ ತಿರುಗಿಸಿಬಿಟ್ಟರೆ? ಸುಳ್ಳು ತಾನಾಗಿ ನಿಜವಾಗುತ್ತದೆ. ಬೆಳಗಾಗುತ್ತಲೇ ಬೂದು ಬಣ್ಣದ ಸೀರೆ ಉಟ್ಟು, ಶಿಲುಬೆಯ ಸರ ಎದ್ದು ಕಾಣುವಂತೆ ಹಾಕಿಕೊಂಡು ಗುಬ್ಬಿ ಬಸ್ ಹತ್ತಿದೆ.

ಮಂಡಿಯ ಹಿಂದೆಯೇ ಮನೆ. ಅನುಸೂಯಳ ಪಕ್ಕದ ಮನೆಯವಳು ಎಂದದ್ದೇ ತಡ, ಗಂಡಿನ ತಾಯಿ ಚಾಪೆ ಹಾಸಿ, ಕಾಫಿ ಕೊಟ್ಟು, ಆದರದಿಂದ ಮಾತಾಡಿಸಿದರು. ಅವರ ಆದರವನ್ನು ಕಂಡು ಇದು ತಪ್ಪಿತಸ್ಥ ಮನಸ್ಸಿನ ಲಕ್ಷಣ ಎಂದು ನಿರ್ಣಯಿಸಿದೆ!

"ನೋಡಿಮ್ಮಾ, ನಿಮ್ಮ ಆಶಾ ಎಷ್ಟೇ ಚೆನ್ನಾಗಿರ್ಲಿ..." ಎಂದು ಶುರು ಮಾಡಿದೆ.

"ಯಾವ ಆಶಾ?"

"ಇರ್ಲಿ ಬಿಡಿ, ನನಗೆಲ್ಲಾ ಗೊತ್ತು. ಆದ್ರೆ ಆ ಆಶಾಗೆ ನಮ್ಮ ಅನುಸೂಯಂಗಿರೋ ತಾಳ್ಮೆ ಇದ್ಯಾ? ಆರು ಗಂಡು ಬಂದು ಉಪ್ಪಿಟ್ಟು ತಿಂದು ಹೋದ್ರು. ಆರು! ಒಂದು ದಿನ ಆ ಮಗು ಮುಖ ಸಪ್ಪಗೆ ಮಾಡ್ಲಿಲ್ಲ. ವಾಟ್ ಎ ಗರ್ಲ್!"

ಆಕೆಯ ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೂ ನೆಲಕ್ಕೂ ನಡುವೆ ನಿಂತುಬಿಟ್ಟಿತು.

"ಆರಾ? ನಾವೇ ಮೊದ್ಲು ನೋಡಕ್ ಬಂದಿರೋದು ಅಂತ ಅಂದಿದ್ರಲ್ಲ ಅವ್ರು?"

ಜಾಣರಾದರೆ ಇಲ್ಲಿ ಬಾಯಿ ಮುಚ್ಚುತ್ತಾರೆ. ನಾನು ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡವಳು. "ಎಲ್ಲರೂ ಹುಡುಗಿ ಬೇಡ ಅಂದಿದ್ದಲ್ಲಮ್ಮಾ. ಇಬ್ಬರು ಜಾತಕ ನೋಡಿ ಹಿಂದೆ ಸರಿದ್ರು, ಅಷ್ಟೇ. ಅದನ್ನೆಲ್ಲಾ ನಾನಂತೂ ನಂಬಲ್ಲ."

"ಜಾತಕದಲ್ಲಿ ಏನಿತ್ತಂತೆ?"

ದೇವರೇ! ಆಗ ಮಂಡಿಯಿಂದ ಗಂಡಿನ ಅಣ್ಣ ಒಳಗೆ ಬಂದರು. ಯಾರೀ ಆಶಾ ಎಂದು ತಾಯಿ ಕೇಳಿದರು. ಆತ ನನ್ನನ್ನೇ ನೋಡಿ ಹಣೆ ಚಚ್ಚಿಕೊಂಡರು.

"ಆಶಾ ಅಲ್ಲ ಕಣಮ್ಮೋ, ಆಷಾಢ! ಆಷಾಢ ಅಲ್ವಾ, ಈಗ ಮಾತುಕತೆ ಆಗಲ್ಲ ಅಂತ ಹೇಳ್ಬುಡಿ, ಶ್ರಾವಣಕ್ಕೆ ತಟ್ಟೆ ತಗಂಡು ಬತ್ತೀವಿ ಅಂದಿದ್ದು ನಾನು! ಹುಡ್ಗಿ ಒಪ್ಗೆ ಆಗೋಗಿತ್ತು!"

ಆಷಾಢ! ನನಗೆ ಆಷಾಢ ಎಂದರೆ ಸೀರೆ ಅಂಗಡಿಯ ಡಿಸ್ಕೌಂಟ್ ಸೇಲ್ ಮಾತ್ರ. "ಥ್ಯಾಂಕ್ ಗಾಡ್!" ಎಂದು ಕೂಗಿ ಎದ್ದೇಬಿಟ್ಟೆ. ನನ್ನನ್ನು ಬಿಟ್ಟು ಬೇರೆ ಯಾರೂ ಎದ್ದಿರಲಿಲ್ಲ.

"ಒಪ್ಗೆ ಆಗಿತ್ತು," ಎಂದರು ತಾಯಿ, ಲೋಟ ಕೆಳಗಿಟ್ಟು. "ಈಗ ಶ್ರಾವಣದ್ ಮಾತು ಶ್ರಾವಣಕ್ಕೆ ನೋಡಾಣ. ನೀವು ಹುಷಾರಾಗಿ ಬಸ್ ಹತ್ಕೊಳಿ."

ತುಮಕೂರಿಗೆ ನನಗಿಂತ ಮೊದಲು ಸುದ್ದಿಯೇ ಬಂದಿತ್ತು. "ಗುಬ್ಬಿಯಿಂದ ಫೋನ್ ಬಂದಿತ್ತು. ಆಗಲ್ಲವಂತೆ. ಈ ಸಲ ಲೈನ್ ತುಂಬ ಕ್ಲಿಯರ್ ಇತ್ತು" ಎಂದರು ನಮ್ಮ ಮನೆಯವರು.

"ಗಂಗಮ್ಮಂಗೆ ಹೇಳಿದ್ರಾ?"

"ಅದು ನಿನ್ನ ಡಿಪಾರ್ಟ್‌ಮೆಂಟು."

ಹೋದೆ. ಈ ಸಲ ಶುಭವನ್ನೂ ಬೆರೆಸಲಿಲ್ಲ, ರಿಹರ್ಸಲನ್ನೂ ಮಾಡಲಿಲ್ಲ. ಆಷಾಢ, ಆಶಾ, ಆರು, ಜಾತಕ, ಎಲ್ಲವನ್ನೂ ಒಪ್ಪಿಸಿದೆ. ಗಂಗಮ್ಮ ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಹೊಸ್ತಿಲ ಮೇಲೆ ಕೂತು, ತಮ್ಮ ಅಂಗೈಯನ್ನೇ ನೋಡಿಕೊಂಡರು. ಸಕ್ಕರೆ ಹಾಕಿದ ಕೈ. ಅನುಸೂಯ ನನಗೊಂದು ಲೋಟ ನೀರು ತಂದುಕೊಟ್ಟಳು. ಕೆನ್ನೆಯಲ್ಲಿ ಗುಳಿ ಇರಲಿಲ್ಲ.

"ಅಳ್ಬೇಡಿ ಆಂಟಿ. ಬುಡಿ. ಒಂದೇ ಒಂದು ರಿಕ್ವೆಸ್ಟು."

"ಹೇಳಮ್ಮ."

"ಕೆಟ್ಟ ಸುದ್ದಿ ಬಂದ್ರೆ ನೀವೇ ಬಂದು ಹೇಳಿ. ಅದನ್ನ ನೀವು ಚೆನ್ನಾಗ್ ಹೇಳ್ತೀರ. ಒಳ್ಳೇ ಸುದ್ದಿ ಬಂದ್ರೆ ಮಾತ್ರ ದಯವಿಟ್ಟು ಅಂಕಲ್‌ನ ಕಳ್ಸಿ."

ಶನಿವಾರ ಪಾಪನಿವೇದನೆಗೆ ಹೋಗಿ ಎಲ್ಲವನ್ನೂ ಫಾದರ್ ಕಿವಿಗೆ ಹಾಕಿದೆ. ತೆರೆಯ ಆಚೆ ಅವರು ಬಹಳ ಹೊತ್ತು ಕೆಮ್ಮಿದರು. ಅದು ಕೆಮ್ಮೇ ಆಗಿತ್ತೇ ಎಂಬ ಅನುಮಾನ ನನಗೆ ಇಂದಿಗೂ ಇದೆ. ಕೊನೆಗೆ ಹೇಳಿದರು: "ಸ್ವಲ್ಪ ದಿನ ಮೊಣಕಾಲೇ ಸಾಕಮ್ಮ."

ಅನುಸೂಯಳ ಮಾತನ್ನು ನಮ್ಮ ಮನೆಯವರಿಗೂ ತಿಳಿಸಿದೆ. ಸಂಜೆ ನೋಡಿದರೆ, ಡ್ರಿಲ್ ಕಾಲದ ಕ್ಯಾನ್ವಾಸ್ ಶೂಗಳನ್ನು ಅಟ್ಟದಿಂದ ತೆಗೆಸಿ, ಬಿಳಿ ಪಾಲಿಶ್ ಹಚ್ಚಿ, ಕುರ್ಚಿಯ ಪಕ್ಕದಲ್ಲೇ ಸಾಲಾಗಿ ಇಟ್ಟುಕೊಂಡಿದ್ದರು. ಲೇಸು ಕೂಡ ಬಿಚ್ಚಿಟ್ಟಿದ್ದರು, ಅವಸರಕ್ಕೆ ಬೇಕಾಗಬಹುದೆಂದು.

ಶ್ರಾವಣ ಹೋಯಿತು. ದಸರಾ ಹೋಯಿತು. ಕ್ರಿಸ್‌ಮಸ್ಸೂ ಹೋಯಿತು. ದಿನವೂ ಮೊಣಕಾಲೂರಿ ನಾನು ಕೇಳಿದ್ದು ಒಂದೇ ವರ: "ಸ್ವಾಮಿ, ಈ ಮನುಷ್ಯನನ್ನು ಒಂದೇ ಒಂದು ಸಲ ಕುರ್ಚಿಯಿಂದ ಎಬ್ಬಿಸು."

ಫೋನ್ ಬಡಿದುಕೊಂಡಾಗಲೆಲ್ಲ ಅವರು ಮೊದಲು ಶೂ ನೋಡುತ್ತಿದ್ದರು, ಆಮೇಲೆ ನನ್ನ ಮುಖ. ನಾನು ರಿಸೀವರ್ ಕೆಳಗಿಟ್ಟು ನನ್ನ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.